ತಿಳಿಯಾದ ಕಣ್ಣು

“ಅಳಬೇಡಿ…” ಎಂದ ಔಷಧಿ ಅಂಗಡಿಯವನು.

“ನಾನು ಅಳ್ತಾ ಇಲ್ಲ!”

ಅವಳ ಕಣ್ಣುಗಳು ಕೆಂಡದಂತಿದ್ದವು, ನೀರು ಕೆನ್ನೆಗಿಳಿಯುತ್ತಿತ್ತು. ಹಾಸಿಗೆ ಹೊಲಿಯುವ ಕೆಲಸ ಅವಳದು. ಹತ್ತಿಯ ಧೂಳು ಒಗ್ಗದೆ ಬಂದ ಅಲರ್ಜಿ ಎಂದು ವೈದ್ಯರು ಬರೆದ ಚೀಟಿಯನ್ನು ಅವನ ಮುಂದಿಟ್ಟಳು.

ಓದಿದವನ ಮುಖ ಸಣ್ಣಗಾಯಿತು. “ತಪ್ಪಾಯ್ತು. ಬೆಳಿಗ್ಗೆ ಒಂದು ಹನಿ, ಸಂಜೆ ಒಂದು. ಬಾಟಲಿ ತುದಿ ಕಣ್ಣಿಗೆ ತಾಗಿಸಬೇಡಿ. ಮುಚ್ಚಳ ತೆರೆದ ಮೇಲೆ ಒಂದೇ ತಿಂಗಳು ಬಳಸಿ. ಎಷ್ಟೇ ನವೆಯಾದ್ರೂ ಉಜ್ಜಬೇಡಿ.”

“ಉಜ್ಜಿದ್ರೆ?”

“ನನ್ನ ಹತ್ರ ಬೈಸ್ಕೋತೀರಿ.”

ಅವಳು ನಕ್ಕಳು. ಗಂಡ ತೀರಿಕೊಂಡ ಎರಡು ವರ್ಷದಲ್ಲಿ ಅದೇ ಮೊದಲ ನಗು.

ಕಣ್ಣು ತಿಳಿಯಾಯಿತು. ತಿಂಗಳಿಗೊಮ್ಮೆ ಹೊಸ ಬಾಟಲಿ, ಪ್ರತಿ ಸಲವೂ ಇನ್ನಷ್ಟು ಮಾತು. ನಾಲ್ಕನೆಯ ಸಲ ಅವನು ತಲೆ ತಗ್ಗಿಸಿ ಕೇಳಿದ: “ನಿಮ್ಮ ಅತ್ತೆಯವರನ್ನ ನೋಡೋಕೆ ಮನೆಗೆ ಬರ್ಲಾ?”

“ನಾನೇ ಹೇಳಿ ಕಳಿಸ್ತೀನಿ,” ಎಂದಳು.

ಅಂದೇ ಸಂಜೆ ಅತ್ತೆ ಅವಳ ಮುಖವನ್ನೇ ದಿಟ್ಟಿಸಿದರು. “ನಿನ್ನ ಕಣ್ಣೀರು ಆರಿಹೋಯ್ತಲ್ಲಮ್ಮ… ಇನ್ನು ನನ್ನ ಮಗನಿಗೆ ಅಳೋಳು ನಾನೊಬ್ಬಳೇ.”

ಅಯ್ಯೋ! ಇಷ್ಟು ದಿನ ಆ ಕೆಂಪನ್ನು ಇವರು ದುಃಖವೆಂದೇ ನಂಬಿದ್ದರಾ? ಈ ಜೀವವನ್ನು ಒಂಟಿ ಮಾಡಿ ನಾನು ಯಾವ ಸುಖಕ್ಕೆ ಹೋಗಲಿ?

ಅವಳು ಬಾಟಲಿಯನ್ನು ಕಸಕ್ಕೆ ಹಾಕಿದಳು. ಅಂಗಡಿಯ ಬೀದಿಯನ್ನೂ ಬಿಟ್ಟಳು. ತನ್ನನ್ನು ಬೇಡವೆಂದಳೆಂದು ತಿಳಿದು ಅವನೂ ಸುಮ್ಮನಾದ.

ಮೂರು ವಾರದಲ್ಲಿ ರೆಪ್ಪೆಗಳು ಊದಿಕೊಂಡವು. ಒಂದು ದಿನ ಹೊಲಿಗೆ ಕಾಣದೆ ದಬ್ಬಣ ಅಂಗೈಗೆ ನಾಟಿತು. ಗಾಯ ಕಟ್ಟುತ್ತ ಅತ್ತೆ, “ಹೋದವನು ಅತ್ತರೆ ಬರ್ತಾನಾ? ಸಾಕು ಮಾಡಮ್ಮ,” ಎಂದು ಕಣ್ಣೊರೆಸಿಕೊಂಡರು.

ಅವಳಿಗೆ ಇನ್ನು ತಡೆಯಲಾಗಲಿಲ್ಲ. “ಅತ್ತೆ, ಇದು ಅಳು ಅಲ್ಲ. ಹತ್ತಿಯ ಧೂಳು. ಔಷಧಿ ಇದೆ… ನಿಮಗೋಸ್ಕರ ಬಿಟ್ಟೆ.” ಅಂಗಡಿಯವನ ಮಾತನ್ನೂ ಮುಚ್ಚಿಡಲಿಲ್ಲ.

ಅತ್ತೆ ಬಹಳ ಹೊತ್ತು ದೇವರ ಪಟದ ಮುಂದೆ ಕೂತರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು.

“ನನ್ನ ಸಂಕಟಕ್ಕೆ ನಿನ್ನ ಕಣ್ಣು ತೆಗೆದೆನಲ್ಲೇ! ಆ ಪಾಪ ನನಗೆ ಬೇಡ. ನಡಿ, ಅಂಗಡಿ ತೋರಿಸು.”

ಅಂಗಡಿಯ ಮೆಟ್ಟಿಲ ಬಳಿ ಅತ್ತೆ ನಿಂತುಬಿಟ್ಟರು. ಅವಳೊಬ್ಬಳೇ ಒಳಗೆ ಹೋದಳು.

ಅವನು ಆ ಕಣ್ಣುಗಳನ್ನು ನೋಡಿ ನೊಂದ. “ನಾನು ಬೇಡವಾದ್ರೆ ಸರಿ… ಔಷಧಿ ಯಾಕೆ ಬಿಟ್ರಿ?”

“ನೀವು ಬೇಡ ಅಂತಲ್ಲ. ನೀವೇ ಬೇಕು. ಆದ್ರೆ ಅವರನ್ನ ಒಂಟಿಯಾಗಿ ಬಿಟ್ಟು ನಾನು ಬರಲಾರೆ.”

ಅವನು ಬಾಗಿಲಾಚೆ ನಿಂತ ಮುದುಕಿಯತ್ತ ನೋಡಿದ.

“ಬಿಟ್ಟು ಬನ್ನಿ ಅಂತ ಯಾರು ಹೇಳಿದ್ರು? ನನಗೆ ತಾಯಿ ಇಲ್ಲ.”

“ಅವರು ಮಗನ ನೆನಪಲ್ಲಿ ದಿನಾ ಅಳ್ತಾರೆ…”

“ಅಳಲಿ. ಪಕ್ಕದಲ್ಲಿ ನಾವಿಬ್ರೂ ಕೂತಿರೋಣ.”