ತೆಳುಗೆರೆಯ ಹದ್ದು

ಅಮೀನಪ್ಪನ ಹೆಣ ಕುಡಚಡೆ ಊರಿನ ಹೊರಗೆ ಅದಿರು ಲಾರಿಗಳ ರಸ್ತೆಯ ಬದಿಗೆ ಸಿಕ್ಕಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಲೋಡಿಂಗ್ ಕೆಲಸಕ್ಕೆ ನಡೆದು ಹೊರಟಿದ್ದ ಕೂಲಿ ಮನುಷ್ಯ. ಗುದ್ದಿದ ಗಾಡಿ ನಿಂತಿರಲಿಲ್ಲ. ಅವನ ಹೆಗಲ ಟವೆಲ್ಲಿಗೆ ಒಂದು ಚೂರು ಅಂಟಿತ್ತು — ಕೆಂಪು ರೇಡಿಯಂ, ಗಾಡಿಗಳಿಗೆ ಹಚ್ಚುವ ಹೊಳೆಯುವ ಸ್ಟಿಕ್ಕರಿನದು. ಬಿಲ್ಲಿನಂತೆ ಬಾಗಿದ ಗೇಣುದ್ದದ ಪಟ್ಟಿ. ಸಾಕ್ಷಿ ಅಂತ ಇದ್ದದ್ದು ಅದೊಂದೇ.

ರೈಲ್ವೆ ಸ್ಟೇಶನ್ ಎದುರಿನ ರೇಡಿಯಂ ಅಂಗಡಿಯ ಶಫೀಸಾಬನನ್ನು ಠಾಣೆಗೆ ಕರೆಸಿದರು. ಫೌಜದಾರರು ಚೂರನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ತೋರಿಸಿದರು. ನಿನ್ನ ಅಂಗಡಿಯದೇ? ಹೌದು, ಹದ್ದಿನ ರೆಕ್ಕೆಯ ಬಾಗು, ಬರೀ ಗೆರೆಗಳಲ್ಲೇ ಬರೆದ ಹದ್ದು. ಎಷ್ಟು ಗಾಡಿಗೆ ಹಚ್ಚಿದ್ದೀ? ಒಂದಕ್ಕೇ — ಜಿಲಾನಿಯ ಟಿಪ್ಪರಿಗೆ.

ಸಂಜೆಯೊಳಗೆ ಜಿಲಾನಿ ಲಾಕಪ್ಪಿನಲ್ಲಿದ್ದ. ಅವನು ಆ ಬೆಳಗ್ಗೆ ಅದೇ ರಸ್ತೆಯಲ್ಲಿ ಹೋಗಿದ್ದ. ಅವನ ಹದ್ದಿನ ಎಡ ರೆಕ್ಕೆಯ ತುದಿಯೂ ಕಿತ್ತುಹೋಗಿತ್ತು. ಯಾವಾಗಲೋ ಗಿಡದ ಟೊಂಗೆ ಬಡಿಯಿತು ಎಂದ. ಯಾರು ನಂಬುತ್ತಾರೆ?

ನಾಲ್ಕು ದಿನದ ಮೇಲೆ ಜಿಲಾನಿಯ ತಾಯಿ ಮೌಲಾಬಿ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಳು. ಅಳಲಿಲ್ಲ. ಅತ್ತು ಮುಗಿದಿತ್ತು.

"ಶಫೀಭಾಯಿ, ನನ್ನ ಮಗನ್ನ ಒಳಗ ಹಾಕಿಸಿದವ್ರು ನೀವ."

"ನಾ ಖರೇನ ಹೇಳೀನವಾ."

"ಖರೇನ ಹೇಳೀರಿ. ಪೂರಾ ಹೇಳೀರೇನು?"

ಆ ಮಾತು ಅವನ ಎದೆಯಲ್ಲಿ ಮುಳ್ಳಾಗಿ ನಿಂತಿತು. ಠಾಣೆಯ ಅಂಗಳಕ್ಕೆ ಹೋಗಿ ಟಿಪ್ಪರಿನ ಎದುರು ನಿಂತ. ಹದ್ದು ಬಂಪರಿನ ಉದ್ದಕ್ಕೂ ರೆಕ್ಕೆ ಚಾಚಿತ್ತು. ಒಂದು ಗೆರೆಯ ಮೇಲೆ ಬೆರಳಿಟ್ಟ. ಬೆರಳಷ್ಟೇ ದಪ್ಪ. ಒಳಗೆ ಹೋಗಿ, ಚೂರನ್ನು ಇನ್ನೊಮ್ಮೆ ನೋಡಬೇಕೆಂದು ಪೇದೆಯ ಕೈಕಾಲು ಹಿಡಿದ. ನೋಡಿದ. ಹೊರಗೆ ಬಂದವನು ನೆಟ್ಟಗೆ ಅಂಗಡಿಗೆ ನಡೆದ.

ಅಂಗಡಿಯಲ್ಲಿ ಅಳಿಯ ವಸೀಮ ಕಂಪ್ಯೂಟರಿನ ಮುಂದಿದ್ದ. ಚಿತ್ರ ಬರೆಯುವುದು, ಯಂತ್ರಕ್ಕೆ ಕೊಟ್ಟು ರೇಡಿಯಂ ಕೊಯ್ಯಿಸುವುದು ಎಲ್ಲ ಅವನದೇ. ಕೈ ಚಲೋ ಇದ್ದ ಹುಡುಗನೆಂದೇ ಶಫೀಸಾಬ ಮಗಳು ಫರ್ಹೀನಳನ್ನು ಕೊಟ್ಟಿದ್ದ.

"ಜಿಲಾನಿ ಹದ್ದು ಎರಡ ಸಲ ಕೊಯ್ದಿ, ಹೌದಲ್ಲೋ?"

"ಹೌದ್ರಿ ಮಾಮಾ. ಮೊದಲಿಂದು ಕೆಟ್ಟಿತ್ತು. ಇದು ಹದ್ದಲ್ಲ, ಜ್ಯಾಡರ ಬಲಿ ಅಂತ ನಗ್ಯಾಡಿದ್ದ ಜಿಲಾನಿ."

"ಕೆಟ್ಟದ್ದನ್ನ ಏನ ಮಾಡಿದಿ?"

ವಸೀಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಒಗದೆ."

ಶಫೀಸಾಬ ತಲೆಯಾಡಿಸಿದ. ಮಡಗಾಂವಿಗೆ ಹೊರಟ ರೈಲು ಹತ್ತಿದ.

ಮಗಳು-ಅಳಿಯನ ಮನೆ ಮಡಗಾಂವಿನ ಫಾತೋರ್ಡಾದಲ್ಲಿ, ಕಟ್ಟುತ್ತಿದ್ದ ಬಿಲ್ಡಿಂಗಿನ ಹಿಂದೆ. ವಸೀಮ ಅಲ್ಲೊಂದು ಹಳೆಯ ಪಿಕಪ್ ಇಟ್ಟಿದ್ದ. ಬೆಳಗಿನ ಜಾವ ಕುಡಚಡೆಯ ಮಾರ್ಕೆಟ್ಟಿಗೆ ಮೀನು ಹಾಕಿ ಗಾಡಿಯನ್ನು ಮನೆಗೆ ತಂದು ಬಿಟ್ಟು, ಆಮೇಲೆ ರೈಲಿನಲ್ಲಿ ಅಂಗಡಿಗೆ ಬರುತ್ತಿದ್ದ. ಆ ಗಾಡಿಯನ್ನು ಶಫೀಸಾಬ ಹತ್ತಿರದಿಂದ ನೋಡಿದ್ದೇ ಇಲ್ಲ. ಈಗ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಮಗಳು ಚಹಾ ತಂದುಕೊಟ್ಟಳು. ಅದು ಕೈಯಲ್ಲೇ ಆರಿತು.

ಸಂಜೆ ವಸೀಮ ಬಂದಾಗಲೂ ಮಾವ ಅಲ್ಲೇ ಕೂತಿದ್ದ.

"ಬಾ, ಕೂಡು," ಎಂದ. ದನಿ ಏರಲಿಲ್ಲ. "ಎಲ್ಲಾರೂ ಬಣ್ಣ ನೋಡಿದ್ವಿ, ಬಾಗು ನೋಡಿದ್ವಿ. ದಪ್ಪ ಯಾರೂ ನೋಡ್ಲಿಲ್ಲ. ಜಿಲಾನಿ ಗಾಡಿ ಮ್ಯಾಲಿನ ಗೆರಿ ಬೆರಳಿನಷ್ಟು ಐತಿ. ಟವೆಲ್ಲಿಗಿ ಅಂಟಿದ್ದು ಕಡ್ಡಿಪೆಟಗಿ ಕಡ್ಡಿಯಷ್ಟು. ಬಾಗು ಮಾತ್ರ ದೊಡ್ಡ ಹದ್ದಿಂದು. ಹಂಗ ಹೆಂಗ ಆಕ್ಕೈತಿ, ನೀನ ಹೇಳು."

ಶಫೀಸಾಬನೇ ಹೇಳಿದ. ಕೊಯ್ಯುವ ಬ್ಲೇಡಿಗೆ ಗೆರೆಯ ದಪ್ಪ ಗೊತ್ತಾಗುವುದಿಲ್ಲ, ಅಂಚು ಮಾತ್ರ ಗೊತ್ತು. ಅದಕ್ಕೇ ಕಂಪ್ಯೂಟರಿನಲ್ಲಿ ಎಳೆದ ಗೆರೆಯನ್ನು ಎರಡು ಕಡೆ ಅಂಚಿರುವ ಆಕಾರವಾಗಿ ಮಾರ್ಪಡಿಸಬೇಕು. ಅಂಗೈಯಷ್ಟು ಬರೆದ ಹದ್ದನ್ನು ಮೊದಲು ಆಕಾರ ಮಾಡಿ, ಆಮೇಲೆ ಹಿಗ್ಗಿಸಿದರೆ ಗೆರೆಯೂ ಜೊತೆಗೇ ದಪ್ಪವಾಗುತ್ತದೆ. ಅವಸರದಲ್ಲಿ ಮೊದಲು ಹಿಗ್ಗಿಸಿದರೆ ಹಕ್ಕಿ ಬೆಳೆಯುತ್ತದೆ, ಗೆರೆ ಮೊದಲಿನಷ್ಟೇ ತೆಳ್ಳಗೆ ಉಳಿಯುತ್ತದೆ. ಆಮೇಲೆ ಆಕಾರ ಮಾಡಿ ಏನು ಬಂತು? ಮೊದಲ ಸಲ ವಸೀಮ ಮಾಡಿದ ತಪ್ಪು ಅದೇ. ಅಂಥ ಹದ್ದು ಜಗತ್ತಿನಲ್ಲಿ ಒಂದೇ — ಆ ಕೆಟ್ಟದ್ದು.

"ಒಗದೆ ಅಂದಿ. ನಮ್ಮ ಅಂಗಡ್ಯಾಗ ಕೆಟ್ಟ ರೇಡಿಯಂ ಯಾರ ಒಗೀತಾರೋ? ತಮ್ಮ ಗಾಡಿಗೇ ಹಚ್ಕೋತಾರ."

"ನೀವ ಕಲಿಸಿದ್ದು ಮಾಮಾ," ಎಂದ ವಸೀಮ. "ಒಂದ ಚೂರೂ ಕೆಡಿಸಬ್ಯಾಡ ಅಂತ."

ಮಾವ ಗಾಡಿಯ ಮುಂಬದಿಯ ಬಿಳಿ ತಗಡಿನ ಕಡೆ ಕೈ ತೋರಿಸಿದ. ವಸೀಮ ಸ್ಟಿಕ್ಕರನ್ನು ಅಂದೇ ಕಿತ್ತಿದ್ದ. ಮೀನಿನ ಬಾಡಿಗೆ ನಿಲ್ಲಿಸಿದರೆ ಅನುಮಾನ ಬಂದೀತೆಂದು ಅದೇ ಅದಿರಿನ ರಸ್ತೆಯಲ್ಲಿ ದಿನವೂ ಗಾಡಿ ಓಡಿಸಿದ್ದ. ಆದರೆ ಅಂಟು ತಗಡಿನ ಮೇಲೆಯೇ ಉಳಿದಿತ್ತು. ಅಂಟು ಉಳಿದಲ್ಲೆಲ್ಲ ಕೆಂಪು ಧೂಳು ಮೆತ್ತಿತ್ತು. ಕಡ್ಡಿಯಷ್ಟು ತೆಳ್ಳಗಿನ ಗೆರೆಗಳಲ್ಲಿ ಹದ್ದು ಪೂರ್ತಿಯಾಗಿ ಮೂಡಿತ್ತು — ಕೊಕ್ಕು, ಉಗುರು, ರೆಕ್ಕೆ.

ಕಣ್ಣು ಹತ್ತಿತ್ತು ಎಂದ ವಸೀಮ. ಏನೋ ಬಡಿದಂತಾಯಿತು, ನಿಲ್ಲಲು ಧೈರ್ಯವಾಗಲಿಲ್ಲ ಎಂದ. ಆಮೇಲೆ ಕೇಳಿದ — "ನಿಂತಿದ್ರ ಉಳೀತಿದ್ನೇನ್ರಿ?"

ಟವೆಲ್ಲನ್ನು ಅಮೀನಪ್ಪ ತಾನೇ ಗಾಯಕ್ಕೆ ಒತ್ತಿ ಹಿಡಿದಿದ್ದನೆಂದು ಪೇದೆ ಹೇಳಿದ್ದ. ಶಫೀಸಾಬ ಅದನ್ನು ಹೇಳಲಿಲ್ಲ. ಹೇಳಿ ಯಾರಿಗೆ ಏನಾಗಬೇಕಿತ್ತು? ಅಮೀನಪ್ಪನ ಹೆಂಡತಿ ಬಳೆ ಒಡೆದಾಗಿತ್ತು.

ಬಾಗಿಲಲ್ಲಿ ಸದ್ದಾಯಿತು. ಫರ್ಹೀನ ಎಲ್ಲ ಕೇಳಿಸಿಕೊಂಡಿದ್ದಳು. ಕೈಯಲ್ಲಿ ಬಟ್ಟೆಯಿತ್ತು. ಸೀಮೆಎಣ್ಣೆಯ ವಾಸನೆ ಬಂತು.

"ಅಬ್ಬಾ, ಬರೇ ಧೂಳದು. ಒರಸಿದ್ರ ಹೋಗ್ತೈತಿ."

"ಹೋಗ್ತೈತಿ ಬೇಟಾ."

ಅವಳು ತಂದೆಯ ಮುಖವನ್ನೇ ನೋಡುತ್ತ ನಿಂತಳು. ಶಫೀಸಾಬ ಆ ಬಟ್ಟೆಯನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. ಮಡಚಿ ಜೇಬಿನಲ್ಲಿಟ್ಟ. ಅದೇ ಕೈಯಿಂದ ಫೋನ್ ತೆಗೆದ.

"ಸಾಹೇಬ್ರ, ರೇಡಿಯಂ ಅಂಗಡಿ ಶಫೀಸಾಬ ಮಾತಾಡಾಕತ್ತೇನ್ರಿ. ಆವತ್ತ ನಾ ಅರ್ಧ ಹೇಳಿದ್ದೆ. ಉಳದದ್ದು ಬರಕೋರಿ. ಹೆಸರು ವಸೀಮ. ನನ್ನ ಅಳಿಯ."