ಗುರ್ಯಾ ಒಡೆದ ಮೊಬೈಲು

"ನನ್ನ ಮೊಬೈಲ್ ಯಾರ್ ಒಡದಾರ?"

ಅವ್ವನ ದನಿ ಕೇಳಿ ಪಲ್ಲವಿ ಬಾಗಿಲಲ್ಲೇ ನಿಂತಳು. ಒಡೆದವಳು ಅವಳೇ. ಕಟ್ಟೆಯ ಮೇಲೆ ಕೂತು ರಂಗೋಲಿ ವಿಡಿಯೊ ನೋಡುವಾಗ ಕೈಜಾರಿ ಬಿದ್ದಿತ್ತು.

ತಮ್ಮ ಗುರುಪಾದ, ಎಲ್ಲರ ಬಾಯಲ್ಲಿ ಗುರ್ಯಾ, ಅವ್ವನ ಸೊಂಟದ ಮೇಲೆ ಹಾಯಾಗಿ ಕೂತಿದ್ದ. ಅವನಿಗೆ ಮೂರು ವರ್ಷ. ಅವನು ಹುಟ್ಟಿದಾಗಿನಿಂದ ಆ ಸೊಂಟ ಅವನದು, ಮಡಿಲು ಅವನದು, ರಾತ್ರಿ ಅವ್ವನ ಮಗ್ಗುಲೂ ಅವನದೇ.

"ಗುರ್ಯಾ ಒಡದಾನ," ಅಂದುಬಿಟ್ಟಳು ಪಲ್ಲವಿ.

"ಹೌದೇನೋ? ನೀನೇ ಒಡದಿ?"

ಗುರ್ಯಾ ಅಕ್ಕನ ಮುಖ ನೋಡಿದ. "ಹೂಂ. ನಾನೇ."

ಈಗ ಬೀಳುತ್ತದೆ ಏಟು ಎಂದು ಪಲ್ಲವಿ ಕಾದಳು. ಅಷ್ಟರಲ್ಲಿ ಅಜ್ಜಿ ಮಾಣಿಕಮ್ಮ ಬಂದು ಮೊಮ್ಮಗನನ್ನು ಎತ್ತಿಕೊಂಡಳು.

"ಬೈಬ್ಯಾಡ ಬೇ. ಸಣ್ಣ ಕೂಸು, ಅದಕ್ಕೇನ್ ತಿಳೀತದ?"

"ಇನ್ನ ಗಾಜು ಹಾಕಸಾಕ ಜೇವರ್ಗಿಗೇ ಹೋಗಬೇಕು," ಎಂದು ಅವ್ವ ಗೊಣಗಿದಳು. ಆದರೆ ಬೈಯಲಿಲ್ಲ. ಗುರ್ಯಾನ ತಲೆ ಸವರಿ ಒಳಗೆ ಹೋದಳು.

ಪಲ್ಲವಿ ತಮ್ಮನನ್ನು ದುರುಗುಟ್ಟಿ ನೋಡಿದಳು. ತಾನು ಒಂದು ಕಪ್ಪು ಒಡೆದಾಗ ಬೆನ್ನಿಗೆ ಗುದ್ದು. ಇವನು ಮೊಬೈಲ್ ಒಡೆದರೂ ಮುದ್ದು! ಒಡೆದದ್ದು ಇವನಲ್ಲ ಎಂಬುದೇ ಅವಳಿಗೆ ಆ ಗಳಿಗೆ ಮರೆತುಹೋಗಿತ್ತು.

ಸಂಜೆ ಅವ್ವ ಹಾಲಿನ ಲೋಟ ಕೊಟ್ಟು, "ತಮ್ಮಗ ಕುಡಿಸು," ಅಂದಳು.

ಗುರ್ಯಾ ಮೂಲೆಯಲ್ಲಿ ಕೂತಿದ್ದ. ಚೆಂಡು ಕಾಲ ಬಳಿಯೇ ಇದ್ದರೂ ಮುಟ್ಟಿರಲಿಲ್ಲ. ಲೋಟ ಕಂಡದ್ದೇ ಎರಡೂ ಕೈ ಬೆನ್ನ ಹಿಂದೆ ಒಯ್ದ.

"ಹಿಡಿಯೋ."

"ಒಲ್ಲೆ. ನಾ ಒಡಿತೇನಿ."

"ಹುಚ್ಚಾ, ಇದು ಸ್ಟೀಲ್ ಲೋಟ. ಒಡೆಯಂಗಿಲ್ಲ."

"ಒಡಿತದ." ಅವನು ಗೋಡೆಗೆ ಒತ್ತಿಕೊಂಡ. "ನಾ ಅವ್ವನ ಮೊಬೈಲ್ ಒಡದೇನಿ."

ಪಲ್ಲವಿ ಲೋಟ ಕೆಳಗಿಟ್ಟಳು. ಇವನು ನಾಟಕ ಮಾಡುತ್ತಿರಲಿಲ್ಲ.

"ನೀ ಒಡದಿಲ್ಲೋ," ಅಂದಳು ಮೆಲ್ಲಗೆ.

"ಒಡದೇನಿ. ನೀನೇ ಹೇಳಿದೆಲ್ಲಾ, ಅಕ್ಕಾ."

ಪಲ್ಲವಿ ಬೆನ್ನ ಹಿಂದಿನ ಅವನ ಕೈ ಬಿಡಿಸಿ ಹಿಡಿದುಕೊಂಡಳು. ಅಂಗೈ ಬೆವೆತು ತಣ್ಣಗಿತ್ತು. ಹಾಗೇ ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಮೊಬೈಲ್ ನಾ ಒಡದೇನಿ. ಇವ ಅಲ್ಲ."

ರೊಟ್ಟಿಯ ಸದ್ದು ನಿಂತಿತು. ಅವ್ವ ತಲೆಯೆತ್ತಿದ್ದು ಪಲ್ಲವಿಗೆ ಗೊತ್ತಾಯಿತು. ಆದರೂ ಆ ಕಡೆ ನೋಡಲಿಲ್ಲ. ಅವಳು ತಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಕೇಳಿದೇನೋ, ಗುರ್ಯಾ?" ಅಂದಳು. "ನೀ ಅಲ್ಲ."