ತಪ್ಪಾಯ್ತು ಎಂದ ಮೇಲೆ

ಮೂರು ಲೋಕ ಜಾಲಾಡಿದರೂ ಅಂಥ ಎಡಿಟರ್ ಸಿಗಲಿಕ್ಕಿಲ್ಲ. ಅವನು ಕತ್ತರಿಸಿ ಎಸೆದ ಕೆಮ್ಮು, ಉಸಿರು, ಮೌನಗಳನ್ನು ಗುಡ್ಡೆ ಹಾಕಿದ್ದರೆ ಆಫೀಸಿನ ಮೂರನೇ ಮಹಡಿಯೇ ಮುಚ್ಚಿಹೋಗುತ್ತಿತ್ತು.

ಆ ಮೂರನೇ ಮಹಡಿಯ ರೆಕಾರ್ಡಿಂಗ್ ರೂಮಿನಲ್ಲಿ ಕೂತು ಅವಳು ಕಂಪ್ಯೂಟರ್ ಪಾಠಗಳಿಗೆ ದನಿ ಕೊಡುತ್ತಿದ್ದಳು. ನೆಲಮಹಡಿಯಲ್ಲಿ ಕೂತ ಅವನು ಆ ದನಿಯನ್ನು ವಿಡಿಯೊಗೆ ಕೂಡಿಸುತ್ತಿದ್ದ. ಇಬ್ಬರ ನಡುವೆ ಒಂದೇ ಕರಾರು: ನಾಲಿಗೆ ತೊದಲಿದರೆ ಅವಳು "ತಪ್ಪಾಯ್ತು" ಎಂದು ಅದೇ ಸಾಲನ್ನು ಮತ್ತೆ ಓದಬೇಕು, ಅವನು ಮೊದಲಿನದಕ್ಕೆ ಕತ್ತರಿ ಹಾಕಬೇಕು.

ಮೆಟ್ಟಿಲ ಮೇಲೆ ಎದುರಾದಾಗ ಅವಳು ಹುಬ್ಬನ್ನು ಕೂದಲೆಳೆಯಷ್ಟು ಏರಿಸುತ್ತಿದ್ದಳು. ಅಷ್ಟಕ್ಕೇ ಇವನ ನಾಲಿಗೆ ಹೊಟ್ಟೆಗಿಳಿದು ಅವಿತುಕೊಳ್ಳುತ್ತಿತ್ತು. ವರ್ಷವಾದರೂ ಅವಳೆದುರು ಬಾಯಿ ಬಿಟ್ಟವನಲ್ಲ. ಏನಿದ್ದರೂ ಮೆಸೇಜು: ‘ಸಾಲು ಹನ್ನೆರಡು ಇನ್ನೊಮ್ಮೆ, ಮೇಡಂ.’

ಅಂದು ಕೊನೆಯ ಪಾಠ: ಪ್ರಾಜೆಕ್ಟಿಗೆ ಸೌಂಡ್, ವಿಡಿಯೊ ಸೇರಿಸುವುದು ಹೇಗೆ. ಸಂಜೆಯೊಳಗೆ ಕಳಿಸಬೇಕು. ನಾಳೆಯಿಂದ ಅವಳಿಗೆ ಬೇರೆ ಕಡೆ ಕೆಲಸ.

"ಈಗ ಸೌಂಡ್ ಫೈಲನ್ನು ಎಳೆದು ವಿಡಿಯೊ ಕೆಳಗೆ ಬಿಡಿ" ಎಂದ ಅವಳ ದನಿ, ಅದೇ ಉಸಿರಿನಲ್ಲಿ, "ಕೆಳಗೆ ಕೂತು ಇದನ್ನ ಕೇಳ್ತಿರೋರೇ, ನೀವಂದ್ರೆ ನಂಗಿಷ್ಟ" ಎಂದಿತು. ಆಮೇಲೊಂದು ನಿಟ್ಟುಸಿರು. "ತಪ್ಪಾಯ್ತು."

ಅವನ ಎದೆಬಡಿತಕ್ಕೆ ಟೇಬಲ್ಲಿನ ಸ್ಪೀಕರ್‌ಗಳು ಅದುರಿದವು ಎಂದರೆ ನೀವು ನಂಬುವುದಿಲ್ಲ, ಬಿಡಿ.

ಕತ್ತರಿಸು ಎಂದಳೋ? ಹೇಳಿದ್ದೇ ತಪ್ಪೆಂದಳೋ? ಬರೀ ತಮಾಷೆಯೋ? ನಲವತ್ತು ಸಲ ಕೇಳಿದ. ಪ್ರತಿ ಸಲವೂ ಅರ್ಥ ಒಂದೊಂದು ದಿಕ್ಕಿಗೆ ಓಟ ಕಿತ್ತಿತು. ಅಕ್ಕನಿಗೆ ಫೋನ್ ಮಾಡಿದರೆ, ನಿಮ್ಮ ಭಾವನ ಬಾಯಲ್ಲಿ ‘ತಪ್ಪಾಯ್ತು’ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳುತ್ತೇನೆ, ಒಂದು ಸಲವೂ ಅದರ ಅರ್ಥ ಅದಲ್ಲ ಎಂದು ನಕ್ಕು ಫೋನ್ ಇಟ್ಟುಬಿಟ್ಟಳು. ತಲೆ ಗೊಂದಲದ ಗೂಡಾಯಿತು.

ಐದೂವರೆ ಆಯಿತು. ಅವನು ಮೆಟ್ಟಿಲು ಹತ್ತಿದ. ಮೂರು ಮಹಡಿ ಮೂರು ಪರ್ವತಗಳಾಗಿದ್ದವು. ಅವಳು ಬ್ಯಾಗು ಹೆಗಲಿಗೇರಿಸಿ, ಮೈಕಿನ ವೈರು ಸುತ್ತುತ್ತಿದ್ದಳು.

"ಮೇಡಂ, ತಪ್ಪಾಯ್ತು ಅಂದ್ಮೇಲೆ ಸರಿಯಾದ ಸಾಲು ಬರ್ಬೇಕಲ್ವಾ?" ಎಂದ. "ಬರ್ಲೇ ಇಲ್ಲ."

ಅವಳ ಕೈ ನಿಂತಿತು. "ಸಾಲು ಸರಿಯಾಗೇ ಇತ್ತು. ಹೆದರ್ಕೊಂಡು ಹಾಗಂದೆ. ಕತ್ತರಿಸಿಬಿಟ್ರಾ?"

"ಇಲ್ಲ, ಕೈ ಬರ್ಲಿಲ್ಲ. ನಂಗೂ ನೀವಂದ್ರೆ..." ಉಳಿದದ್ದನ್ನೆಲ್ಲ ಕೆಂಪಾದ ಮುಖವೇ ಒದರಿಬಿಟ್ಟಿತು.

"ನಿಮ್ದು ಇಂಥ ದನಿನಾ?" ಅವಳು ಬ್ಯಾಗನ್ನು ಕುರ್ಚಿಗಿಳಿಸಿದಳು. "ವರ್ಷದಿಂದ ಏನೇನೋ ಊಹೆ ಮಾಡ್ಕೊಂಡಿದ್ದೆ. ಇನ್ನೊಂಚೂರು ಮಾತಾಡಿ."

"ಏನ್ ಮಾತಾಡ್ಲಿ?"

"ಏನಾದ್ರೂ."

ಗಾಬರಿಯಲ್ಲಿ ಅವನಿಗೆ ಹೊಳೆದದ್ದು ಒಂದೇ. ಮೊದಲು ಹೊಸ ಪ್ರಾಜೆಕ್ಟ್ ತೆರೆಯಿರಿ ಎಂದು ಇಡೀ ಪಾಠವನ್ನೇ ಒಪ್ಪಿಸತೊಡಗಿದ. ಅವಳು ಮೈಯೆಲ್ಲ ಕಿವಿಯಾಗಿ ಕೇಳಿದಳು. ಪಾಠ ಮುಗಿದಾಗ ಅವಳ ಕೈ ಅವನ ಕೈಯಲ್ಲಿತ್ತು. ಯಾರು ಮೊದಲು ಹಿಡಿದರೆಂಬುದು ಇಬ್ಬರಿಗೂ ಇವತ್ತಿನವರೆಗೆ ಗೊತ್ತಿಲ್ಲ.